ಶಿರಿಯ ಅಳಿವೆಯ ಮೀನುಗಿಡುಗ ಹೊರಟುಹೋಯಿತು. ಎಲ್ಲಿಗೆ? ಮರಳಿ ಬರುತ್ತದೆಯೇ?

ಶಿರಿಯ ಹೊಳೆಬದಿ, ಮಾರ್ಚ್ 29

ನಮ್ಮ ತೋಟದ ಪಡುಗಡಿಯಲ್ಲಿ, ಕಾಸರಗೋಡು ಜಿಲ್ಲೆಯ ಶಿರಿಯ ಹೊಳೆ ಕಡಲಿನ ಕಡೆಗೆ ಅಗಲವಾಗುವಲ್ಲಿ, ಸಿಡಿಲು ಬಡಿದು ತಲೆ ಹೋದ ಒಂದು ತೆಂಗಿದೆ. ಎರಡು ವರ್ಷಗಳಿಂದ ಚಳಿಗಾಲ ಪೂರ್ತಿ ಒಂದು ಮೀನುಗಿಡುಗ ಅದರ ತುದಿಯಲ್ಲಿ ಕೂರುತ್ತದೆ. ಇಂಗ್ಲಿಷಿನವರ ಆಸ್ಪ್ರೇ. ನೆರೆಯ ಮಲಯಾಳಿಗಳು ತಾಲಿಪ್ಪರುಂದ್ ಎನ್ನುತ್ತಾರೆ. ಈ ಸಲ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನ ಗುರುತು ಮಾಡಿಟ್ಟಿದ್ದೆ. ಮೊದಲು ಕಂಡದ್ದು ಸೆಪ್ಟೆಂಬರ್ 27ಕ್ಕೆ, ಕೊನೆಗೆ ಕಂಡದ್ದು ಮಾರ್ಚ್ 24ಕ್ಕೆ. ನಡುವೆ 178 ದಿನ. ಐದು ದಿನಗಳಿಂದ ಮರದ ತುದಿ ಬರಿದಾಗಿದೆ. ಬೆಳಿಗ್ಗೆ ಮಡಲು ಹೆಕ್ಕಲು ಹೋದಾಗಲೆಲ್ಲ ತಲೆ ಎತ್ತಿ ನೋಡುತ್ತೇನೆ.

ಅದು ಮೀನು ಹಿಡಿಯುವುದನ್ನು ನೋಡದವರಿಗಾಗಿ ಬರೆಯುತ್ತೇನೆ. ಎರಡು ತೆಂಗಿನ ಎತ್ತರದಲ್ಲಿ ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿಯುತ್ತಿರುತ್ತದೆ. ಆಮೇಲೆ ರೆಕ್ಕೆ ಅರ್ಧ ಮಡಚಿ ಬೀಳುತ್ತದೆ. ನೀರು ಮುಟ್ಟುವ ಕ್ಷಣಕ್ಕೆ ಎರಡೂ ಕಾಲುಗಳನ್ನು ತಲೆಗಿಂತ ಮುಂದಕ್ಕೆ ಚಾಚುತ್ತದೆ. ಮೈ ಪೂರ್ತಿ ಮುಳುಗಿ, ರೆಕ್ಕೆ ಮಾತ್ರ ಮೇಲೆ ಉಳಿದಿರುತ್ತದೆ. ಎರಡು ಮೂರು ಬಡಿತಕ್ಕೆ ಮೇಲೆದ್ದು, ಹಾರುತ್ತಲೇ ಮೈಯನ್ನೆಲ್ಲ ಕೊಡವುತ್ತದೆ. ಅಷ್ಟರಲ್ಲಿ ಕಾಲಿನಲ್ಲಿದ್ದ ಮೀನು ತಿರುಗಿ, ತಲೆ ಮುಂದಾಗಿ, ದೋಣಿಯ ಹಾಗೆ ನೇರವಾಗಿರುತ್ತದೆ. ಮರಕ್ಕೆ ಬಂದು ತಲೆಯ ಕಡೆಯಿಂದ ತಿನ್ನಲು ಶುರು ಮಾಡುತ್ತದೆ. ಒಂದು ತಿರುತ ಮೀನು ಮುಗಿಯಲು ಮುಕ್ಕಾಲು ಗಂಟೆ ಹಿಡಿದದ್ದನ್ನು ಕುಳಿತು ನೋಡಿದ್ದೇನೆ. ಬುಡದಲ್ಲಿ ಹೊಯಿಗೆಯ ಮೇಲೆ ಬಿದ್ದ ಹುರುಪೆ ಬಿಸಿಲಿಗೆ ಹೊಳೆಯುತ್ತಿತ್ತು. ತಿಂದಾದ ಮೇಲೆ ಹೊಳೆಯ ಮೇಲೆ ತಗ್ಗಿ ಹಾರಿ, ಕಾಲುಗಳನ್ನು ನೀರಿನಲ್ಲಿ ಎಳೆದುಕೊಂಡು ಹೋಗಿ ತೊಳೆದುಕೊಂಡಿತು.

ತಿಳಿದವರಲ್ಲಿ ಎರಡು ಪ್ರಶ್ನೆ. ಇದು ಹೋದದ್ದು ಎಲ್ಲಿಗೆ? ಬರುವ ವರ್ಷ ಇದೇ ಹಕ್ಕಿ ಬರುತ್ತದೆಯೇ? ಇನ್ನೊಂದು ಮನೆಯ ಸಮಸ್ಯೆಯೂ ಇದೆ. ಸತ್ತ ತೆಂಗನ್ನು ಮಳೆಗಾಲದ ಮೊದಲು ಕಡಿಸಬೇಕೆಂದು ನೆರೆಯವರು ಹೇಳುತ್ತಿದ್ದಾರೆ. ನನಗೆ ಮನಸ್ಸಿಲ್ಲ.


ಕುಂಬಳೆ ಮಾಷ್ಟ್ರು, ಮಾರ್ಚ್ 29

ನೀವು ಕಂಡದ್ದು ಬಿಳಿಹೊಟ್ಟೆಯ ಕಡಲಹದ್ದು ಆಗಿರಬಹುದೇ? ನಮ್ಮ ಕರಾವಳಿಯಲ್ಲಿ ಗೂಡು ಕಟ್ಟಿ ಮರಿ ಮಾಡುವುದು ಅದು. 2023ರಲ್ಲಿ ಕಾಸರಗೋಡು ಜಿಲ್ಲೆ ತನ್ನದೇ ಮರ, ಹೂವು, ಹಕ್ಕಿ, ಪ್ರಾಣಿ ಎಂದು ಘೋಷಿಸಿದಾಗ ಜಿಲ್ಲಾ ಹಕ್ಕಿಯಾಗಿ ಆರಿಸಿದ್ದೂ ಅದನ್ನೇ. ಶಾಲೆಯಲ್ಲಿದ್ದಾಗ ಮಕ್ಕಳನ್ನು ಅರಿಕ್ಕಾಡಿ ಕೋಟೆಗೆ ಕರೆದೊಯ್ದು ಹೊಳೆಯ ಮೇಲೆ ಹಾರುವ ಕಡಲಹದ್ದನ್ನು ಎಷ್ಟೋ ಸಲ ತೋರಿಸಿದ್ದೇನೆ.


ಶಿರಿಯ ಹೊಳೆಬದಿ, ಮಾರ್ಚ್ 30

ಅಲ್ಲ ಮಾಷ್ಟ್ರೇ. ಕಡಲಹದ್ದೂ ಇಲ್ಲಿ ಬರುತ್ತದೆ, ಎರಡನ್ನೂ ಒಟ್ಟಿಗೆ ನೋಡಿದ್ದೇನೆ. ಕಡಲಹದ್ದು ದೊಡ್ಡದು, ಬಾಲ ಗಿಡ್ಡ, ಹಾರುವಾಗ ರೆಕ್ಕೆ ಮೇಲಕ್ಕೆ ಎತ್ತಿರುತ್ತದೆ. ಇದರ ರೆಕ್ಕೆ ಉದ್ದ, ಸಪೂರ, ಮಣಿಕಟ್ಟಿನಲ್ಲಿ ಬಾಗಿದ ಹಾಗೆ. ಬಿಳಿ ತಲೆ, ಕಣ್ಣಿನಿಂದ ಕುತ್ತಿಗೆಯವರೆಗೆ ಕಾಡಿಗೆ ಎಳೆದಂತೆ ಕಪ್ಪು ಪಟ್ಟಿ, ಬೆನ್ನು ಕಡುಕಂದು. ಒಮ್ಮೆ ಕಡಲಹದ್ದು ಅಟ್ಟಿಸಿಕೊಂಡು ಬಂದು ಇದರ ಮೀನನ್ನು ಬೀಳಿಸಿ, ನೀರಿಗೆ ತಲಪುವ ಮೊದಲೇ ಹಿಡಿದುಕೊಂಡು ಹೋಯಿತು. ಗರುಡಗಳೂ ಹಾಗೆ ಕಾಡುತ್ತವೆ.


ಎಣ್ಮಕಜೆ ಗುಡ್ಡೆ, ಮಾರ್ಚ್ 30

ವಿವರಣೆ ಓದಿದರೆ ಅನುಮಾನವೇ ಇಲ್ಲ, ಮೀನುಗಿಡುಗವೇ. ಅಣ್ಣ ಬರೆದ ಹಾಗೆ ಮೀನನ್ನು ತಲೆ ಮುಂದಾಗಿ ಹಿಡಿಯುವುದೂ, ತಿಂದ ಮೇಲೆ ಕಾಲನ್ನು ನೀರಿನಲ್ಲಿ ಎಳೆಯುವುದೂ ಅದರದೇ ಅಭ್ಯಾಸ. ನಾನು ಪ್ರಾಣಿಶಾಸ್ತ್ರ ಓದುತ್ತಿರುವವಳು, ತಿಳಿದಷ್ಟು ಹೇಳುತ್ತೇನೆ.

ಇದು ಹದ್ದಿನ ಬಳಗದ್ದೇ ಆದರೂ ಬೇರೆ ಕುಟುಂಬದ್ದು, ಆ ಕುಟುಂಬದಲ್ಲಿ ಬೇರೆ ಕುಲವೇ ಇಲ್ಲ. ಆಹಾರ ಹೆಚ್ಚುಕಡಿಮೆ ಪೂರ್ತಿ ಮೀನು. ದೇಹವೆಲ್ಲ ಅದಕ್ಕಾಗಿಯೇ ರೂಪುಗೊಂಡಿದೆ. ಹೊರಬೆರಳನ್ನು ಹಿಂದಕ್ಕೆ ತಿರುಗಿಸಬಲ್ಲದು, ಆಗ ಮುಂದೆ ಎರಡು, ಹಿಂದೆ ಎರಡು ಬೆರಳು ಮೀನನ್ನು ಇಕ್ಕಳದ ಹಾಗೆ ಹಿಡಿಯುತ್ತವೆ. ಅಂಗಾಲಿನಲ್ಲಿ ಸಣ್ಣ ಮುಳ್ಳುಗಳಿವೆ, ಜಾರುವ ಮೀನು ಅದಕ್ಕೆ ಸಿಕ್ಕಿಬೀಳುತ್ತದೆ. ಮುಳುಗುವಾಗ ಮೂಗಿನ ಹೊಳ್ಳೆ ಮುಚ್ಚಿಕೊಳ್ಳುತ್ತದೆ. ಆದರೆ ಒಂದು ಮೀಟರಿಗಿಂತ ಆಳಕ್ಕೆ ಹೋಗಲಾರದು. ಅದಕ್ಕೇ ತಿಳಿನೀರಿನ, ಆಳವಿಲ್ಲದ ಅಳಿವೆಗಳು ಅದಕ್ಕೆ ಅಷ್ಟು ಮುಖ್ಯ.

ನಮ್ಮಲ್ಲಿಗೆ ಚಳಿಗಾಲಕ್ಕೆ ಬರುವವು ಏಷ್ಯಾದ ಉತ್ತರದ ಸರೋವರ, ನದಿಗಳ ಕಡೆಯಿಂದ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಂದು ಮಾರ್ಚ್, ಏಪ್ರಿಲಿನಲ್ಲಿ ಹೊರಡುತ್ತವೆ. ಅಣ್ಣ ಬರೆದಿಟ್ಟ ದಿನಗಳು ಅದಕ್ಕೆ ಸರಿಯಾಗಿ ಹೊಂದುತ್ತವೆ. ಬೆಳೆದು ದೊಡ್ಡದಾದ ಹಕ್ಕಿಯಾಗಿದ್ದರೆ ಮುಂದಿನ ವರ್ಷವೂ ಅದೇ ಹೊಳೆಗೆ ಬರುವ ಸಾಧ್ಯತೆ ತುಂಬಾ ಇದೆ. ಗೂಡಿಗೆ ಹೇಗೆ ವರ್ಷವರ್ಷವೂ ಮರಳುತ್ತವೆಯೋ ಚಳಿಗಾಲದ ಹೊಳೆಗೂ ಹಾಗೆಯೇ ಮರಳುತ್ತವೆ ಎಂಬುದು ಬೆನ್ನಿಗೆ ದಾರಿ ಗುರುತಿಸುವ ಯಂತ್ರ ಕಟ್ಟಿದ ಹಕ್ಕಿಗಳಿಂದ ಸ್ಪಷ್ಟವಾಗಿದೆ.


ಕುಂಬಳೆ ಮಾಷ್ಟ್ರು, ಮಾರ್ಚ್ 31

ಒಪ್ಪಿದೆ, ನನ್ನ ಊಹೆ ತಪ್ಪು. ಆದರೆ ಅತಿಥಿಯನ್ನು ಅತಿಥಿಯಾಗಿಯೇ ಕಾಣೋಣ. ಗೂಡು ಎಲ್ಲಿದೆಯೋ ಮನೆ ಅಲ್ಲಿ. ಇಲ್ಲಿಗೆ ಅದು ಚಳಿ ಕಳೆಯಲು ಬರುವುದು. ನಮ್ಮ ಕಾಳಜಿ ಮೊದಲು ಇಲ್ಲೇ ಮರಿ ಮಾಡುವ ಕಡಲಹದ್ದಿನ ಮೇಲಿರಬೇಕು ಎಂದು ನನ್ನ ಅಭಿಪ್ರಾಯ.


ಮೊಗ್ರಾಲ್ ದೋಣಿ, ಏಪ್ರಿಲ್ 1

ಮಾಷ್ಟ್ರೇ, ಚಳಿ ಕಳೆಯಲು ಮಾತ್ರ ಬರುವುದಾದರೆ ಮಳೆಗಾಲದಲ್ಲಿ ಇದು ಕಾಣಬಾರದಲ್ಲ? ಹೋದ ವರ್ಷ ಆಟಿ ತಿಂಗಳಿನಲ್ಲಿ (ಜುಲೈ, ಆಗಸ್ಟ್) ಪಡನ್ನದ ಬಂಧುಗಳ ಮನೆಗೆ ಹೋಗಿದ್ದೆ. ಕವ್ವಾಯಿ ಹಿನ್ನೀರಿನಲ್ಲಿ ಕಲ್ಲುಮ್ಮಕಾಯಿ ಎಂಬ ಚಿಪ್ಪುಜೀವಿಯ ಕೊಯ್ಲು ಮುಗಿದು, ಅದಕ್ಕೆ ನೆಟ್ಟ ಬಿದಿರ ಕುತ್ತಿಗಳು ಮಾತ್ರ ಉಳಿದಿದ್ದವು. ಅದರಲ್ಲೊಂದರ ಮೇಲೆ ಮಳೆಯಲ್ಲಿ ನೆನೆಯುತ್ತಾ ಈ ಹಕ್ಕಿ ಕುಳಿತಿತ್ತು. ಕಣ್ಣಿನ ಕಪ್ಪು ಪಟ್ಟಿ ಸರಿಯಾಗಿ ಕಂಡಿತು. ಮೂವತ್ತು ವರ್ಷ ಬಲೆ ಬೀಸಿದವನು ನಾನು, ಮೀನು ಹಿಡಿಯುವ ಹಕ್ಕಿಯ ಗುರುತು ತಪ್ಪುವುದಿಲ್ಲ.


ಕುಂಬಳೆ ಮಾಷ್ಟ್ರು, ಏಪ್ರಿಲ್ 1

ಆಟಿಯಲ್ಲಿ? ಆಗ ಅದು ಉತ್ತರದಲ್ಲಿ ಗೂಡಿನಲ್ಲಿರಬೇಕಾದ ಕಾಲ. ಗಾಯಗೊಂಡ ಹಕ್ಕಿಯಾಗಿರಬಹುದು.


ಎಣ್ಮಕಜೆ ಗುಡ್ಡೆ, ಏಪ್ರಿಲ್ 2

ಮೊಗ್ರಾಲಿನ ಅಣ್ಣ ನೋಡಿದ್ದು ಸರಿಯೇ ಇದೆ, ಗಾಯವೇ ಆಗಿರಬೇಕೆಂದಿಲ್ಲ. ಈ ಹಕ್ಕಿಯ ಬದುಕಿನಲ್ಲಿ ನನಗೆ ಅತ್ಯಂತ ಆಶ್ಚರ್ಯ ಹುಟ್ಟಿಸುವ ಸಂಗತಿ ಇದು.

ಮರಿ ಹುಟ್ಟಿದ ವರ್ಷವೇ ಒಂಟಿಯಾಗಿ ದಕ್ಷಿಣಕ್ಕೆ ಹೊರಡುತ್ತದೆ. ತಾಯಿ ಮೊದಲೇ ಹೋಗಿರುತ್ತದೆ, ತಂದೆಯೂ ಜೊತೆಗೆ ಬರುವುದಿಲ್ಲ. ದಾರಿ ತೋರಿಸುವವರು ಯಾರೂ ಇಲ್ಲದೆ ಸಾವಿರಾರು ಕಿಲೋಮೀಟರ್ ಹಾರಿ ಒಂದು ಹೊಳೆಯನ್ನೋ ಅಳಿವೆಯನ್ನೋ ಹುಡುಕಿಕೊಳ್ಳುತ್ತದೆ. ಮುಂದಿನ ವಸಂತದಲ್ಲಿ ದೊಡ್ಡ ಹಕ್ಕಿಗಳೆಲ್ಲ ಉತ್ತರಕ್ಕೆ ಹೊರಟಾಗ ಈ ಮರಿ ಹೊರಡುವುದಿಲ್ಲ. ಆ ಬೇಸಗೆ, ಮಳೆಗಾಲ, ಇನ್ನೊಂದು ಚಳಿಗಾಲ ಪೂರ್ತಿ ಇಲ್ಲೇ ಕಳೆದು, ಎರಡು ವರ್ಷ ತುಂಬುವ ಹೊತ್ತಿಗೆ ಮೊದಲ ಸಲ ಹುಟ್ಟಿದ ಕಡೆಗೆ ಮರಳುತ್ತದೆ. ಗೂಡು ಕಟ್ಟುವುದು ಮೂರು ನಾಲ್ಕು ವರ್ಷವಾದ ಮೇಲೆ. ಅಷ್ಟರಲ್ಲಿ ಹಾರಿದ ಮರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತಿರುತ್ತವೆ.

ಅಂದರೆ ಮೀನು ಹಿಡಿಯಲು ನಿಜವಾಗಿ ಕಲಿಯುವುದು ಎಲ್ಲಿ? ಚಳಿಗಾಲದ ಹೊಳೆಗಳಲ್ಲಿ.


ಶಿರಿಯ ಹೊಳೆಬದಿ, ಏಪ್ರಿಲ್ 2

ಇದನ್ನು ಓದಿ ಸುಮ್ಮನೆ ಕುಳಿತುಬಿಟ್ಟೆ. ಮಾಷ್ಟ್ರೇ, ದೊಡ್ಡ ಹಕ್ಕಿಯೇ ವರ್ಷಕ್ಕೆ ಆರು ತಿಂಗಳು ನಮ್ಮಲ್ಲಿರುತ್ತದೆ. ಮರಿಯಾದರೆ ಒಂದೂವರೆ ವರ್ಷ ಒಂದೇ ಸಮನೆ ಇಲ್ಲಿರುತ್ತದೆ. ಗೂಡಿನಲ್ಲಿ ಇರುವುದು ನಾಲ್ಕೈದು ತಿಂಗಳು. ಹಾಗಿದ್ದಾಗ ಇದನ್ನು ಅತಿಥಿ ಎಂದು ಹೇಗೆ ಹೇಳುವುದು? ಅತಿಥಿ ಎಂದ ಕೂಡಲೇ ನಮ್ಮ ಹೊಣೆ ಕಡಿಮೆಯಾಗುತ್ತದೆ. ಬಂದರೆ ಬರಲಿ, ಹೋದರೆ ಹೋಗಲಿ ಎನ್ನುತ್ತೇವೆ. ಅದರ ಅರ್ಧ ಮನೆ ಶಿರಿಯ ಹೊಳೆ ಎಂದು ನಾನು ಹೇಳುತ್ತೇನೆ.


ಬದಿಯಡ್ಕದವಳು, ಸ್ಕಾಟ್ಲೆಂಡಿನಿಂದ, ಏಪ್ರಿಲ್ 6

ಊರಿನ ಚರ್ಚೆಯಲ್ಲಿ ಈ ಹಕ್ಕಿಯನ್ನು ಕಂಡು ಮಧ್ಯರಾತ್ರಿಯಲ್ಲಿ ಬರೆಯುತ್ತಿದ್ದೇನೆ. ನಾನು ಇಲ್ಲಿ ಆಸ್ಪತ್ರೆಯಲ್ಲಿ ನರ್ಸ್. ಹತ್ತು ವರ್ಷಗಳಿಂದ ಬಿಡುವಿದ್ದಾಗಲೆಲ್ಲ ಒಂದು ಸರೋವರದ ದಡಕ್ಕೆ ಹೋಗಿ ಮೀನುಗಿಡುಗದ ಗೂಡು ನೋಡುತ್ತೇನೆ. ದೂರದ ಮರೆಯಿಂದ ದುರ್ಬೀನಿನಲ್ಲಿ ನೋಡಬೇಕು, ಹತ್ತಿರ ಬಿಡುವುದಿಲ್ಲ. ಕೆಲವು ಗೂಡುಗಳಿಗೆ ಕ್ಯಾಮೆರಾ ಇಟ್ಟು ಹಗಲೂ ರಾತ್ರಿ ನೇರವಾಗಿ ತೋರಿಸುತ್ತಾರೆ. ನೀವೂ ಮೊಬೈಲಿನಲ್ಲಿ ನೋಡಬಹುದು. ಈಗ ಇಲ್ಲಿಯ ಗಡಿಯಾರ ನಿಮಗಿಂತ ನಾಲ್ಕೂವರೆ ಗಂಟೆ ಹಿಂದೆ.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಇಲ್ಲಿಯ ಹಕ್ಕಿಗಳು ಶಿರಿಯಕ್ಕೆ ಬರುವುದಿಲ್ಲ. ಬ್ರಿಟನ್ನಿನವು ಚಳಿಗಾಲಕ್ಕೆ ಪಶ್ಚಿಮ ಆಫ್ರಿಕಕ್ಕೆ, ಸೆನೆಗಲ್, ಗ್ಯಾಂಬಿಯಾ, ಗಿನಿ ಬಿಸಾವುಗಳ ಕಡಲತೀರಕ್ಕೆ ಹೋಗುತ್ತವೆ. ಸುಮಾರು 5000 ಕಿಲೋಮೀಟರ್, ನಡುವೆ ಸಹಾರಾ. ಆದರೆ ಬದುಕಿನ ಕ್ರಮ ಒಂದೇ, ಆದ್ದರಿಂದ ನಿಮ್ಮ ಹಕ್ಕಿ ಈಗ ಏನು ಮಾಡುತ್ತಿರಬಹುದೆಂದು ಇಲ್ಲಿಯ ಗೂಡು ನೋಡಿ ತಿಳಿಯಬಹುದು.

ಜೋಡಿ ಚಳಿಗಾಲದಲ್ಲಿ ಒಟ್ಟಿಗೆ ಇರುವುದಿಲ್ಲ. ಬೇರೆ ಬೇರೆ ಹೊಳೆಗಳಲ್ಲಿ ಕಳೆದು, ಬೇರೆ ಬೇರೆ ದಾರಿಯಲ್ಲಿ ಬಂದು, ಕೆಲವೇ ದಿನಗಳ ಅಂತರದಲ್ಲಿ ಅದೇ ಗೂಡಿಗೆ ಇಳಿಯುತ್ತವೆ. ಸಾಮಾನ್ಯವಾಗಿ ಗಂಡು ಮೊದಲು ಬಂದು ಗೂಡಿಗೆ ಕಡ್ಡಿ ಹೊರುತ್ತದೆ. ಒಂದು ಮೀಟರಿಗಿಂತ ಅಗಲದ ಅಟ್ಟಳಿಗೆ, ನಡುವೆ ಪಾಚಿ, ಹುಲ್ಲು. ಒಂದು ಬರದಿದ್ದರೆ ಇನ್ನೊಂದು ದಿನಗಟ್ಟಲೆ ಕೂಗುತ್ತಾ ಆಕಾಶ ನೋಡುತ್ತದೆ. ಮೊನ್ನೆ ಬೆಳಿಗ್ಗೆ ನನ್ನ ಗೂಡಿಗೆ ಹೆಣ್ಣು ಬಂತು. ಮರೆಯಲ್ಲಿದ್ದ ಆರೇಳು ಮಂದಿ ಅಪರಿಚಿತರು ಒಬ್ಬರನ್ನೊಬ್ಬರು ಅಪ್ಪಿಕೊಂಡೆವು.


ಶಿರಿಯ ಹೊಳೆಬದಿ, ಏಪ್ರಿಲ್ 7

ಅಕ್ಕ, ನಿಮ್ಮ ಬರಹಕ್ಕೆ ತುಂಬಾ ಉಪಕಾರ. ನನ್ನ ಮಗಳು ಕ್ಯಾಮೆರಾದ ಗೂಡನ್ನು ನೋಡಿ ಅದು ನಮ್ಮದೇ ಹಕ್ಕಿ ಎಂದು ನಂಬಿದ್ದಳು, ಅವಳಿಗೆ ಈಗ ಸರಿಯಾಗಿ ಹೇಳಿದೆ. ಮೊಟ್ಟೆ ಯಾವಾಗ? ಮರಿ ಯಾವಾಗ? ದಿನದ ಲೆಕ್ಕ ಕೊಡಿ.


ಬದಿಯಡ್ಕದವಳು, ಸ್ಕಾಟ್ಲೆಂಡಿನಿಂದ, ಏಪ್ರಿಲ್ 17

ಮೊದಲ ಮೊಟ್ಟೆ ಬಂದಿದೆ! ಕೆನೆಬಣ್ಣ, ಮೇಲೆಲ್ಲ ಕೆಂಗಂದು ಮಚ್ಚೆ, ಕೋಳಿ ಮೊಟ್ಟೆಗಿಂತ ಸ್ವಲ್ಪ ದೊಡ್ಡದು. ಎರಡು ಮೂರು ದಿನಕ್ಕೊಂದರಂತೆ ಹೆಚ್ಚಾಗಿ ಮೂರು ಇಡುತ್ತದೆ. ಕಾವು ಸುಮಾರು 37 ದಿನ. ಮರಿ ಹಾರಲು ಮತ್ತೆ 50ರಿಂದ 55 ದಿನ. ಆಗಸ್ಟಿನಲ್ಲಿ ತಾಯಿ ಹೊರಡುತ್ತದೆ. ತಂದೆ ಇನ್ನೂ ಕೆಲವು ವಾರ ನಿಂತು ಮರಿಗಳಿಗೆ ಮೀನು ತಂದುಕೊಡುತ್ತದೆ. ನಿಮ್ಮ ಹಕ್ಕಿ ಹೋದ ಕಡೆ ಮಂಜುಗಡ್ಡೆ ತಡವಾಗಿ ಕರಗಿದರೆ ಎಲ್ಲವೂ ಒಂದೆರಡು ವಾರ ಮುಂದೆ ಹೋಗುತ್ತದೆ.


ಶಿರಿಯ ಹೊಳೆಬದಿ, ಏಪ್ರಿಲ್ 18

ಇದನ್ನು ನಮ್ಮ ತಿಂಗಳುಗಳಿಗೆ ತಂದುಕೊಂಡು ಮಗಳಿಗೆ ಬರೆದುಕೊಟ್ಟೆ. ಬಿಸು ಕಳೆದ ಕೂಡಲೇ ಮೊಟ್ಟೆ. ಮೇ ಕೊನೆಯ ಪತ್ತನಾಜೆಗೆ ಮರಿ. ದೈವಗಳ ಕೋಲ ಮುಗಿದು, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ದಿನ ಅಲ್ಲಿ ಮೊಟ್ಟೆ ಒಡೆಯುತ್ತದೆ. ನಮ್ಮಲ್ಲಿ ಟ್ರಾಲಿಂಗ್ ನಿಷೇಧದ 52 ದಿನ ಬೋಟುಗಳು ದಡದಲ್ಲಿರುವಾಗ ಅಲ್ಲಿ ತಂದೆ ಹಕ್ಕಿಗೆ ಬಿಡುವಿಲ್ಲದ ಮೀನುಗಾರಿಕೆ. ಆಟಿ ಹುಟ್ಟುವಾಗ ಮರಿಗಳ ಮೊದಲ ಹಾರಾಟ. ಆಟಿಯ ಮುಂದಿನ ಸೋಣ ತಿಂಗಳಿನಲ್ಲಿ ತಾಯಿ ದಾರಿಯಲ್ಲಿರುತ್ತದೆ. ನವರಾತ್ರಿಯ ಆಸುಪಾಸಿನಲ್ಲಿ ನಮ್ಮ ಹೊಳೆಯ ಮೇಲೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಈಗ ಆ ತಿಂಗಳುಗಳಿಗೂ ಗುರುತು ಬಿದ್ದಿದೆ.


ಮೊಗ್ರಾಲ್ ದೋಣಿ, ಏಪ್ರಿಲ್ 18

ಈ ಲೆಕ್ಕ ನನ್ನ ತಲೆಯಲ್ಲಿ ಗಟ್ಟಿಯಾಗಿ ನಿಂತಿತು. ಹಾಗೇ ಇಟ್ಟುಕೊಳ್ಳುತ್ತೇನೆ.


ಕುಂಬಳೆ ಮಾಷ್ಟ್ರು, ಏಪ್ರಿಲ್ 20

ಒಂದು ಪ್ರಶ್ನೆ ಉಳಿದಿದೆ. ನಮ್ಮ ಹೊಳೆಯ ಹಕ್ಕಿಗೂ ಯಂತ್ರ ಕಟ್ಟಿದರೆ ದಾರಿ ತಿಳಿಯಬಹುದಲ್ಲ? ಜಿಲ್ಲೆಯ ಹಕ್ಕಿಪ್ರಿಯರೆಲ್ಲ ಸೇರಿ ಹಣ ಹಾಕೋಣವೇ? ಅತಿಥಿ ಎಂಬ ಮಾತಿನ ಬಗ್ಗೆ ನಾನು ಇನ್ನೂ ಯೋಚಿಸುತ್ತಿದ್ದೇನೆ.


ಎಣ್ಮಕಜೆ ಗುಡ್ಡೆ, ಏಪ್ರಿಲ್ 21

ಮಾಷ್ಟ್ರೇ, ಹಣ ಒಂದರಿಂದ ಆಗುವ ಕೆಲಸವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿ ಈ ಹಕ್ಕಿ ಇದೆ. ಅನುಮತಿ ಇಲ್ಲದೆ ಹಿಡಿಯುವುದು ಅಪರಾಧ, ತರಬೇತಿ ಪಡೆದ ಸಂಶೋಧಕರು ಮಾತ್ರ ಮಾಡಬಹುದು. ಯಂತ್ರದ ತೂಕ ಹಕ್ಕಿಯ ತೂಕದ ನೂರಕ್ಕೆ ಮೂರರಷ್ಟನ್ನು ಮೀರಬಾರದೆಂಬುದು ಸಾಮಾನ್ಯವಾಗಿ ಪಾಲಿಸುವ ನಿಯಮ. ಒಂದೂವರೆ ಕಿಲೋ ತೂಗುವ ಹಕ್ಕಿಗೆ 45 ಗ್ರಾಂ. ಬೆನ್ನ ಮೇಲೆ ಚೀಲದ ಹಾಗೆ ಕೂರುತ್ತದೆ, ಬಿಸಿಲಿನಿಂದ ಚಾರ್ಜ್ ಆಗುತ್ತದೆ. ಜಿಪಿಎಸ್‌ನಿಂದ ಜಾಗ ಗುರುತಿಸಿ, ಮೊಬೈಲ್ ಟವರ್ ಸಿಕ್ಕಾಗ ಎಲ್ಲವನ್ನೂ ಒಟ್ಟಿಗೆ ಕಳಿಸುತ್ತದೆ. ಸಹಾರಾದಂಥ ಕಡೆ ಟವರ್ ಇಲ್ಲದಿದ್ದರೆ ದಿನಗಟ್ಟಲೆ ಸುದ್ದಿಯೇ ಇರುವುದಿಲ್ಲ, ಆಮೇಲೆ ಒಮ್ಮೆಲೇ ಇಡೀ ದಾರಿ ನಕ್ಷೆಯಲ್ಲಿ ಮೂಡುತ್ತದೆ. ನಮ್ಮ ದೇಶದಲ್ಲಿ 2013ರಲ್ಲಿ ನಾಗಾಲ್ಯಾಂಡಿನಲ್ಲಿ ಅಮೂರ್ ಚಾಣ ಎಂಬ ವಲಸೆ ಹಕ್ಕಿಗಳಿಗೆ ಉಪಗ್ರಹ ಯಂತ್ರ ಕಟ್ಟಿದಾಗ ಅವು ಅರಬ್ಬೀ ಸಮುದ್ರ ದಾಟಿ ಆಫ್ರಿಕಕ್ಕೆ ಹೋಗುವುದು ಕಣ್ಣಿಗೆ ಕಂಡಿತು.

ಯಂತ್ರವಿಲ್ಲದೆಯೂ ಹಿಂಬಾಲಿಸುವ ದಾರಿ ಇದೆ. ಅಣ್ಣ ಕ್ಯಾಲೆಂಡರಿನಲ್ಲಿ ಬರೆದ ಎರಡು ದಿನಾಂಕಗಳನ್ನು ಹಕ್ಕಿ ಕಂಡವರು ಬರೆದಿಡುವ ಜಾಲತಾಣವಾದ ಇ-ಬರ್ಡ್‌ನಲ್ಲಿ ದಾಖಲಿಸಿದರೆ ಸಾಕು. 2015ರಿಂದ 2020ರವರೆಗೆ ಜನರೇ ಊರೂರು ಸುತ್ತಿ ಕೇರಳದ ಹಕ್ಕಿ ಭೂಪಟ ಮಾಡಿದ್ದು ಹೀಗೆಯೇ. ಒಬ್ಬರು ಶಿರಿಯದಲ್ಲಿ, ಒಬ್ಬರು ಮೊಗ್ರಾಲಿನಲ್ಲಿ, ಒಬ್ಬರು ಚಂದ್ರಗಿರಿಯಲ್ಲಿ, ಒಬ್ಬರು ಕವ್ವಾಯಿಯಲ್ಲಿ ಮೊದಲ ದಿನ, ಕೊನೆಯ ದಿನ ಬರೆದರೆ ಜಿಲ್ಲೆಯ ಉದ್ದಕ್ಕೂ ಹಕ್ಕಿ ಹೇಗೆ ಸರಿಯುತ್ತದೆಂದು ತಿಳಿಯುತ್ತದೆ. ಕಾಣದ ದಿನವನ್ನೂ ಬರೆಯಬೇಕು. ಅದನ್ನು ಎಲ್ಲರೂ ಮರೆಯುತ್ತಾರೆ.

ನನಗೆ ಈ ಹಕ್ಕಿಯ ಮೇಲೆ ಆಸಕ್ತಿ ಹುಟ್ಟಿದ ಕಾರಣವನ್ನೂ ಹೇಳುತ್ತೇನೆ. ನನ್ನೂರು ಎಣ್ಮಕಜೆ. 2000ದವರೆಗೂ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರು. ಸಿಂಪಡಿಸಿದ ಮರುದಿನ ತೋಡಿನಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವೆಂದು ಅಜ್ಜಿ ಹೇಳುತ್ತಾರೆ. ಕಾಲೇಜಿನಲ್ಲಿ ಡಿಡಿಟಿ ಎಂಬ ಕೀಟನಾಶಕದ ಪಾಠ ಬಂದಾಗ ಮೊದಲ ಸಲ ಮೀನುಗಿಡುಗದ ಹೆಸರು ಕೇಳಿದೆ. ಅಮೆರಿಕದಲ್ಲಿ ಡಿಡಿಟಿ ನೀರಿಗೆ ಸೇರಿ, ಮೀನಿಗೆ ಸೇರಿ, ಮೀನು ತಿನ್ನುವ ಹಕ್ಕಿಯ ಮೈಯಲ್ಲಿ ಶೇಖರವಾಗಿ, ಮೊಟ್ಟೆಯ ಚಿಪ್ಪು ತೆಳುವಾಯಿತು. ಕಾವು ಕೊಡಲು ಕುಳಿತ ತಾಯಿಯ ಭಾರಕ್ಕೇ ಮೊಟ್ಟೆ ಒಡೆಯುತ್ತಿತ್ತು. 1972ರಲ್ಲಿ ಅಲ್ಲಿ ಡಿಡಿಟಿ ನಿಷೇಧವಾದ ಮೇಲೆ ಗೂಡುಗಳು ಮತ್ತೆ ಹೆಚ್ಚಿದವು. ಎಂಡೋಸಲ್ಫಾನ್ ಬೇರೆ ವಿಷ, ಅದರ ಕೆಲಸವೂ ಬೇರೆ. ಆದರೂ ಆ ಪಾಠ ಓದುವಾಗ ನನ್ನ ಕಣ್ಣ ಮುಂದೆ ನಮ್ಮ ತೋಡೇ ಇತ್ತು.


ಬದಿಯಡ್ಕದವಳು, ಸ್ಕಾಟ್ಲೆಂಡಿನಿಂದ, ಏಪ್ರಿಲ್ 22

ತಂಗಿ, ನಿನ್ನ ಮಾತು ಓದಿ ಕಣ್ಣು ತುಂಬಿತು. ಇಲ್ಲಿಯ ಕಥೆಯೂ ಹಾಗೆಯೇ. ಗುಂಡು ಹೊಡೆದು, ಮೊಟ್ಟೆ ಕದ್ದು, 1916ರ ಹೊತ್ತಿಗೆ ಬ್ರಿಟನ್ನಿನಲ್ಲಿ ಇದು ಗೂಡು ಕಟ್ಟುವುದೇ ನಿಂತುಹೋಗಿತ್ತೆಂದು ದಾಖಲೆಗಳು ಹೇಳುತ್ತವೆ. 1954ರಲ್ಲಿ ಒಂದು ಜೋಡಿ ತಾನಾಗಿ ಸ್ಕಾಟ್ಲೆಂಡಿನ ಲಾಕ್ ಗಾರ್ಟನ್ ಎಂಬ ಸರೋವರದ ಕಡೆಗೆ ಬಂತು. 1958ರಲ್ಲಿ ಕಾವಲಿದ್ದರೂ ರಾತ್ರಿ ಮೊಟ್ಟೆ ಕಳವಾಯಿತು. 1959ರಲ್ಲಿ ಗೂಡನ್ನು ಬಚ್ಚಿಡುವ ಬದಲು ಜನರಿಗೇ ದೂರದಿಂದ ತೋರಿಸಿದರು, ಆ ವರ್ಷ ಮೂರು ಮರಿ ಹಾರಿದವು. ಸಾವಿರಾರು ಜನ ಬಂದು ನೋಡಿದರು. ಲಾಕ್ ಆಫ್ ದ ಲೋಸ್ ಎಂಬ ಸರೋವರದಲ್ಲಿ ಲೇಡಿ ಎಂದು ಜನ ಕರೆದ ಹೆಣ್ಣೊಂದು ತನ್ನ ಆಯುಷ್ಯದಲ್ಲಿ 71 ಮೊಟ್ಟೆ ಇಟ್ಟು 50 ಮರಿ ಹಾರಿಸಿತು. ಆ ಹಕ್ಕಿ ಗೂಡಿಗೆ ಮರಳಿದ ಪ್ರತಿ ವಸಂತದ ಹಿಂದೆಯೂ ಎಲ್ಲೋ ಒಂದು ದಕ್ಷಿಣದ ಹೊಳೆ ಅದನ್ನು ಸಾಕಿರಬೇಕು. ಇಲ್ಲಿ ಯಾರಿಗೂ ಆ ಹೊಳೆಯ ಹೆಸರು ಬಾಯಿಗೆ ಬರುವುದಿಲ್ಲ.

ಮಾಷ್ಟ್ರೇ, ಮನೆಯ ವಿಷಯ. ಇಪ್ಪತ್ತು ವರ್ಷ ಇಲ್ಲಿದ್ದೂ ನನ್ನನ್ನು ಯಾರಾದರೂ ಮನೆ ಎಲ್ಲಿ ಎಂದು ಕೇಳಿದರೆ ಎರಡು ಊರು ಹೇಳುತ್ತೇನೆ.


ಕುಂಬಳೆ ಮಾಷ್ಟ್ರು, ಏಪ್ರಿಲ್ 22

ಒಪ್ಪಿದೆ ಮಗಳೇ.


ಶಿರಿಯ ಹೊಳೆಬದಿ, ಮೇ 4

ತೆಂಗಿನ ವಿಷಯಕ್ಕೆ ಬರುತ್ತೇನೆ. ನೆರೆಯವರ ಮಾತಿನಲ್ಲಿ ನ್ಯಾಯವಿದೆ. ಸತ್ತ ಕಾಂಡ ಕೊಳೆಯಲು ಶುರುವಾದರೆ ಕುರುವಾಯಿ ದುಂಬಿ ಅದರೊಳಗೆ ಮರಿ ಮಾಡುತ್ತದೆ, ಅದು ಸುತ್ತಲಿನ ಎಳೆ ತೆಂಗುಗಳಿಗೆ ಹತ್ತುತ್ತದೆ. ಸತ್ತ ಮರ ತೆಗೆದುಬಿಡಿ ಎಂದೇ ಕಾಸರಗೋಡಿನ ತೋಟಬೆಳೆ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐಯವರೂ ರೈತರಿಗೆ ಹೇಳುವುದು. ಅವರದು ಹೊಸ ತೋಟ, ನೆಟ್ಟು ನಾಲ್ಕು ವರ್ಷವಾದ ಸಸಿಗಳು. ನನ್ನ ಹಕ್ಕಿಗಾಗಿ ಅವರ ಸಸಿ ಹೋಗಬಾರದು. ಏನು ಮಾಡಲಿ?


ಮೊಗ್ರಾಲ್ ದೋಣಿ, ಮೇ 4

ಕಡಿಸಿ, ಸುಟ್ಟುಬಿಡಿ. ಬದಲಿಗೆ ಕಂಬ ಹಾಕೋಣ. ಬಲೆಗೆ ನಾವು ನೆಡುವ ಗಾಳಿಮರದ ಕುತ್ತಿಯ ಮೇಲೆಯೂ ಇದು ಕೂರುತ್ತದೆ. ಇಪ್ಪತ್ತೈದು ಅಡಿಯ ಗಾಳಿಮರ ನನ್ನ ಹತ್ತಿರ ಇದೆ. ತುದಿಗೆ ಅಡ್ಡಪಟ್ಟಿ ಕಟ್ಟಿ, ನಿಮ್ಮ ಜಾಗದಲ್ಲೇ ಹೊಳೆಯ ಅಂಚಿಗೆ ನೆಡೋಣ. ಮಳೆ ಕಳೆಯಲಿ, ಈಗ ನೆಟ್ಟರೆ ನೆರೆಗೆ ಹೋಗುತ್ತದೆ.


ಬದಿಯಡ್ಕದವಳು, ಸ್ಕಾಟ್ಲೆಂಡಿನಿಂದ, ಮೇ 5

ಒಳ್ಳೆಯ ಯೋಚನೆ. ಇಲ್ಲಿ ಗೂಡಿಗೇ ಮರದ ತುದಿಯಲ್ಲಿ, ಕಂಬದ ಮೇಲೆ ಅಟ್ಟಳಿಗೆ ಕಟ್ಟಿಕೊಡುತ್ತಾರೆ, ಹಕ್ಕಿಗಳು ಒಪ್ಪಿಕೊಳ್ಳುತ್ತವೆ. ಅಡ್ಡಪಟ್ಟಿ ನುಣುಪಾಗಿರಬಾರದು, ತೊಗಟೆ ಹಾಗೇ ಇರಲಿ.


ಬದಿಯಡ್ಕದವಳು, ಸ್ಕಾಟ್ಲೆಂಡಿನಿಂದ, ಜೂನ್ 11

ಮರಿಗಳು ಮೂರು. ಮೊದಲ ಮರಿ ಮೇ 24ಕ್ಕೆ, ಕೊನೆಯದು ಅದರ ನಾಲ್ಕು ದಿನ ನಂತರ. ಆದ್ದರಿಂದ ಕೊನೆಯದು ತುಂಬಾ ಸಣ್ಣದು. ನಿನ್ನೆಯಿಂದ ಎಡೆಬಿಡದ ಮಳೆ, ನೀರು ಕದಡಿದೆ, ಗಾಳಿ ಬೇರೆ. ಗಂಡು ಬೆಳಿಗ್ಗೆಯಿಂದ ಬರಿಗಾಲಿನಲ್ಲಿ ಎರಡು ಸಲ ಬಂದು ಹೋಯಿತು. ತಾಯಿ ಎರಡೂ ರೆಕ್ಕೆ ಬಿಚ್ಚಿ ಮರಿಗಳ ಮೇಲೆ ಬಾಗಿ ನಿಂತಿತ್ತು. ನೇಜಿ ನೆಡುವಾಗ ನಮ್ಮ ಅಮ್ಮ ಗೊರಬು ಹೊದ್ದು ನಿಲ್ಲುತ್ತಿದ್ದದ್ದು ನೆನಪಾಯಿತು. ನೀರು ಅದರ ಬೆನ್ನಿನಿಂದ ಇಳಿದು ಗೂಡಿನ ಅಂಚಿಗೆ ಸುರಿಯುತ್ತಿತ್ತು. ಸಂಜೆ ಮಳೆ ತೆಳುವಾದಾಗ ಗಂಡು ಒಂದು ಮೀನಿನ ಹಿಂಭಾಗ ತಂದಿತು. ತಲೆಯ ಭಾಗ ತಾನು ತಿಂದು ಉಳಿದದ್ದನ್ನು ತರುವುದು ರೂಢಿ. ತಾಯಿ ಚೂರು ಚೂರಾಗಿ ಕಿತ್ತು ಕೊಟ್ಟಿತು. ದೊಡ್ಡದು ಮೊದಲು, ನಡುವಿನದು ಆಮೇಲೆ. ಸಣ್ಣದರ ಸರದಿ ಬರುವಾಗ ಬಾಲದ ಹತ್ತಿರದ ನಾಲ್ಕು ಚೂರು ಉಳಿದಿತ್ತು. ನಾಲ್ಕನ್ನೂ ತಿಂದಿತು. ಎಣಿಸಿದ್ದೇನೆ.


ಶಿರಿಯ ಹೊಳೆಬದಿ, ಜೂನ್ 11

ಇಲ್ಲಿಯೂ ಕಾರ್ಮೋಡ, ಬೆಳಿಗ್ಗೆಯಿಂದ ಕರೆಂಟ್ ಇಲ್ಲ. ಮಗಳು ಮೂರು ಸಲ ಕೇಳಿದಳು, ಸಣ್ಣದು ತಿಂದಿತೇ ಎಂದು. ಮೇ ಕೊನೆಗೆ ತೆಂಗು ಕಡಿಸಿದೆ. ಬುಡ ಅಗೆದು ಸುಟ್ಟಾಯಿತು. ನೆರೆಯವರಿಗೆ ಸಮಾಧಾನವಾಯಿತು.


ಬದಿಯಡ್ಕದವಳು, ಸ್ಕಾಟ್ಲೆಂಡಿನಿಂದ, ಜುಲೈ 23

ಮೂರೂ ಹಾರಿದವು. ಸಣ್ಣದು ಕೊನೆಗೆ, ಇವತ್ತು ಮಧ್ಯಾಹ್ನ. ಗೂಡಿನ ಅಂಚಿನಲ್ಲಿ ಒಂದು ವಾರ ರೆಕ್ಕೆ ಬಡಿದು, ಎದ್ದು, ಮತ್ತೆ ಇಳಿದು, ಇವತ್ತು ಗಾಳಿ ಎತ್ತಿಕೊಂಡು ಹೋಯಿತು.


ಮೊಗ್ರಾಲ್ ದೋಣಿ, ಆಗಸ್ಟ್ 3

ಟ್ರಾಲಿಂಗ್ ನಿಷೇಧ ಮುಗಿಯಿತು, ಮೊನ್ನೆಯಿಂದ ಬೋಟುಗಳು ಕಡಲಿಗೆ ಇಳಿದಿವೆ. ನಿನ್ನೆ ಪಡನ್ನಕ್ಕೆ ಹೋಗಿದ್ದೆ. ಎರಡು ಗಂಟೆ ಹಿನ್ನೀರಿನಲ್ಲಿ ಸುತ್ತಿದೆ. ಈ ಸಲ ಮೀನುಗಿಡುಗ ಕಾಣಲಿಲ್ಲ. ತಂಗಿ ಹೇಳಿದ ಹಾಗೆ ಕಾಣದ ದಿನವನ್ನೂ ಬರೆಯುತ್ತಿದ್ದೇನೆ.


ಶಿರಿಯ ಹೊಳೆಬದಿ, ಸೆಪ್ಟೆಂಬರ್ 21

ಮೊಗ್ರಾಲಿನ ಅಣ್ಣ, ಅವರ ಮಗ, ನಾನು, ನೆರೆಯವರು ಸೇರಿ ಕಂಬ ನೆಟ್ಟೆವು. ನೆರೆಯವರೇ ಮುರಕಲ್ಲು ತಂದು ಬುಡ ಕಟ್ಟಿದರು. ಮಾಷ್ಟ್ರು ಬಸ್ಸಿನಲ್ಲಿ ಬಂದು ನೆರಳಿನಲ್ಲಿ ಕುಳಿತಿದ್ದರು, ದುರ್ಬೀನು ಕೊರಳಿನಲ್ಲಿತ್ತು.


ಶಿರಿಯ ಹೊಳೆಬದಿ, ಸೆಪ್ಟೆಂಬರ್ 30

ಕಳೆದ ವರ್ಷದ ದಿನ ದಾಟಿ ಮೂರು ದಿನವಾಯಿತು. ಕಂಡಿಲ್ಲ. ಕಂಬದ ಮೇಲೆ ಒಂದು ನೀರುಕಾಗೆ ರೆಕ್ಕೆ ಒಣಗಿಸಿಕೊಂಡು ಹೋಯಿತು.


ಶಿರಿಯ ಹೊಳೆಬದಿ, ಅಕ್ಟೋಬರ್ 16

ಇವತ್ತು ಬೆಳಿಗ್ಗೆ 7.20ಕ್ಕೆ ಹೊಳೆಯ ಮೇಲೆ ಒಂದು ಮೀನುಗಿಡುಗ ಬಂತು. ನಾಲ್ಕು ಸಲ ಬಿದ್ದು ನಾಲ್ಕು ಸಲವೂ ಬರಿಗಾಲಿನಲ್ಲಿ ಎದ್ದಿತು. ಐದನೆಯ ಸಲ ಅಂಗೈ ಉದ್ದದ ಒಂದು ಮೀನು ಸಿಕ್ಕಿತು. ಕಂಬದ ಕಡೆಗೆ ಬಂದು ಎರಡು ಸುತ್ತು ಹಾಕಿ, ಕೂರದೆ ಆಚೆದಡದ ಗಾಳಿಮರಕ್ಕೆ ಹೋಯಿತು. ದುರ್ಬೀನಿನಲ್ಲಿ ನೋಡಿದೆ. ಬೆನ್ನಿನ ಒಂದೊಂದು ಗರಿಯ ಅಂಚಿನಲ್ಲೂ ತೆಳು ಹಳದಿ ಬಿಳುಪು, ಮೀನಿನ ಹುರುಪೆ ಜೋಡಿಸಿದ ಹಾಗೆ. ಕಣ್ಣು ಕಿತ್ತಳೆ. ನಮ್ಮ ಹಳೆಯ ಹಕ್ಕಿಯ ಕಣ್ಣು ಹಳದಿ, ಬೆನ್ನು ಒಂದೇ ಕಂದು.


ಎಣ್ಮಕಜೆ ಗುಡ್ಡೆ, ಅಕ್ಟೋಬರ್ 16

ಅಣ್ಣ, ಅದು ಈ ವರ್ಷದ ಮರಿ! ಗರಿಯ ಅಂಚಿನ ಬಿಳುಪು, ಕಿತ್ತಳೆ ಕಣ್ಣು ಎರಡೂ ಮರಿಯ ಗುರುತು. ಈ ಬೇಸಗೆಯಲ್ಲಿ ಎಲ್ಲೋ ಉತ್ತರದ ಗೂಡಿನಿಂದ ಹಾರಿ, ಒಂಟಿಯಾಗಿ ಇಲ್ಲಿಯವರೆಗೆ ಬಂದಿದೆ. ಇಲ್ಲೇ ನಿಂತರೆ ಮುಂದಿನ ಮಾರ್ಚಿನಲ್ಲಿ ಹೋಗುವುದಿಲ್ಲ.


ಬದಿಯಡ್ಕದವಳು, ಸ್ಕಾಟ್ಲೆಂಡಿನಿಂದ, ಅಕ್ಟೋಬರ್ 16

ಇಲ್ಲಿ ಗೂಡು ಖಾಲಿಯಾಗಿ ಒಂದು ತಿಂಗಳಾಯಿತು. ಇನ್ನು ನೀವು ಬರೆಯಿರಿ, ನಾನು ಓದುತ್ತೇನೆ.


ಕುಂಬಳೆ ಮಾಷ್ಟ್ರು, ಅಕ್ಟೋಬರ್ 17

ಹಳೆಯದು ಬಂದರೆ ಎರಡಕ್ಕೂ ಜಾಗ ಸಾಕಾಗುತ್ತದೆಯೇ? ಆಚೆದಡದ ಗಾಳಿಮರ ಯಾರ ಜಾಗದಲ್ಲಿದೆ ಎಂದು ವಿಚಾರಿಸಿ ತಿಳಿಸಿ. ಅವರೊಂದಿಗೆ ನಾನು ಮಾತನಾಡುತ್ತೇನೆ.


ಮೊಗ್ರಾಲ್ ದೋಣಿ, ಅಕ್ಟೋಬರ್ 17

ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ಹೊಳೆ ಕೆಂಪಾಗುತ್ತದೆ, ಶಿರಿಯದಲ್ಲಿ ಅದಕ್ಕೆ ಮೀನು ಕಾಣುವುದಿಲ್ಲ. ಆಗ ಅದು ಕವ್ವಾಯಿಗೆ ಹೋಗುತ್ತದೋ, ಕಡಲಿಗೆ ಹೋಗುತ್ತದೋ ನೋಡಬೇಕು. ಪಡನ್ನದಲ್ಲಿ ಬಿದಿರ ಕುತ್ತಿಗಳನ್ನು ಈ ಸಲ ಪೂರ್ತಿ ಕೀಳದೆ ನಾಲ್ಕಾದರೂ ಬಿಡಲು ಬಂಧುಗಳಿಗೆ ಹೇಳಿದ್ದೇನೆ. ಒಪ್ಪಿದ್ದಾರೆ.